ಕೈಲೇ ಕಲಸಿದ ಎಣ್ಣಿ

ಒಂದು ವರ್ಷ ನಮ್ಮ ಯಜಮಾನ್ರ ಕಾಲಿಗೆ ನಮ್ಮೂರು ನವಲಿ ಊರಿಗೂರ ಬಿತ್ತು. ಇವ್ರ ಕೈ ಗಡಗಡ ನಡುಗ್ತಿತ್ತಲ್ಲ, ಗ್ಯಾನಪ್ಪನ ಮೈಮ್ಯಾಲೆ ಹುಲಿಗೆಮ್ಮ ಬರತಾಳ ಅಂತ ಯಾರೋ ಅಂದ್ರು, ಮುಗೀತು. ಮಂಗಳವಾರ ಬಂದ್ರ ಸಾಕು, ಅರಿಷಿಣದ ಭಂಡಾರ ಹಿಡ್ಕೊಂಡು ಮಂದಿ ಬಾಗಲದಾಗ. ನಾನೂ ನಂಬಿದ್ದೆ, ಸುಳ್ಳ ಯಾಕ ಹೇಳ್ಲಿ. ಆದ್ರ ಬಂದ ದೇವಿ ಒಂಚೂರು ಹೊತ್ತಿದ್ದು ಹೋಗಬೇಕಲ್ಲ? ಇಕಿ ಅಂಗಿ ಗುಂಡಿ ಹಾಕೋವಾಗೂ ಬಂದ್ಲು, ಚಾ ಕುಡಿಯೋವಾಗೂ ಬಂದ್ಲು. ಗುಂಡಿ ಹಾಕಿ, ಚಾ ಕುಡಿಸಿ, ತುತ್ತು ಮಾಡಿ ಉಣಿಸಿ ನನಗ ಸಾಕಾಗಿ ಹೋತು.

ಕಡೀಕ ಗಂಗಾವತಿಗೆ ಕರ್ಕೊಂಡು ಹೋದೆ. ನರದ ಡಾಕ್ಟರು ಶೈಲಜಾ ಅಂತ. ಇವ್ರನ್ನ ನಡಿಸಿ ನೋಡಿದ್ರು, ಬೆರಳಿಗೆ ಬೆರಳು ಮುಟ್ಟಿಸಿ ನೋಡಿದ್ರು, ಆಮ್ಯಾಲೆ ಏನು ಕೆಲಸ ಅಂತ ಕೇಳಿದ್ರು.

"ಭತ್ತದ ಗದ್ದಿಗೆ ಎಣ್ಣಿ ಹೊಡಿಯೋದು ರೀ. ಹದಿನೆಂಟು ವರ್ಷಾತು," ಅಂದ್ರು ಇವ್ರು. ಹುಳದ ಔಷಧಿಗೂ ಕಳೆ ಔಷಧಿಗೂ ನಮ್ಮ ಕಡೆ ಎಣ್ಣಿ ಅಂತನ ಅಂತೀವಿ.

ಡಾಕ್ಟರು ಕನ್ನಡಕ ತಗದಿಟ್ರು. "ನೋಡವ್ವಾ, ನರದ ಒಂದೊಂದು ಕಣದೊಳಗೂ ಪ್ರೋಟೀನಿನ ಸಣ್ಣ ಸಣ್ಣ ಎಳಿ ಇರತಾವ. ಮನಿಗೆ ತೊಲಿ ಕಂಬ ಇದ್ದಂಗ, ಕಣ ನೆಟ್ಟಗ ನಿಂದ್ರಿಸೋವು ಅವ. ಇಂಥ ವಿಷ ಒಳಗ ಹೋದ್ರ ಅವಕ್ಕ ತುಕ್ಕು ಹಿಡಿದಂಗ ಆಗತೈತಿ. ಎಳಿ ಮುರೀತಾವ, ಒಂದಕ್ಕೊಂದು ಅಂಟ್ಕೋತಾವ, ಕಣ ಸಾಯತೈತಿ. ಇವ್ರಿಗೆ ಹಿಂಗ ಆಗಿರಬೇಕು ಅನ್ನಸ್ತದ. ಹೋದದ್ದು ತಿರುಗಿ ಬರೋದಿಲ್ಲ. ಗುಳಿಗಿಲೇ ನಡುಕ ಕಮ್ಮಿ ಆದೀತು. ಇನ್ನ ಮ್ಯಾಲೆ ಎಣ್ಣಿ ಮುಟ್ಟಬಾರದು."

"ಇವ್ರು ಮುಟ್ಟೂದಿಲ್ರಿ. ಈಗ ನಾನ ಹೊಡೀತೀನಿ," ಅಂದೆ.

ಡಾಕ್ಟರು ನನ್ನ ಮಾರಿ ನೋಡಿದ್ರು. "ಮೊದಲ ಇವ್ರಿಗೆ ಎಣ್ಣಿ ಕಲಸಿ ಕೊಡ್ತಿದ್ದೋರು ಯಾರು?"

"ಅದೂ ನಾನ ರೀ. ಕೈಲೇ. ಕೋಲಿಲೇ ತಿರುವಿದ್ರ ಪುಡಿ ತಳಕ್ಕ ಕುಂದರತೈತಿ. ನೀರಾಗ ಮೊಣಕೈತನಕ ಕೈ ಬಿಟ್ಟು ಅಂಬಲಿ ಕಲಸಿದಂಗ ಕಲಸಬೇಕು. ಕನಕಮ್ಮ ಕಲಸಿದ್ರ ಗಂಟಿರೋದಿಲ್ಲ ಅಂತ ಓಣ್ಯಾಗೆಲ್ಲ ಹೆಸರೈತಿ." ಹೆಮ್ಮೀಲೇ ಹೇಳಿದೆ ನೋಡ್ರಿ, ಎಂಥ ಮೂಳಿ ನಾನು.

"ಕೈ ಚಾಚವ್ವಾ."

ಎರಡೂ ಕೈ ಸೆರಗಿನೊಳಗ ಸುತ್ಕೊಂಡೆ. "ನಂದ್ಯಾಕ ರೀ? ಇವ್ರನ್ನ ತೋರಸಾಕ ಬಂದೀನಿ, ಇವ್ರನ್ನ ನೋಡ್ರಿ. ಇವ್ರಿಗೆ ಉಣಿಸೋ ಕೈ ಇವು. ಇವಕ್ಕೂ ಏನರ ಐತಿ ಅಂದ್ರ ನಮಗ ಉಣಿಸೋರ್ಯಾರು?" ಸಿಟ್ಟಿಲೇ ಅಂದೆ. ಎದ್ದು ಬಸ್‌ಸ್ಟ್ಯಾಂಡಿಗೆ ಹೋಗಿಬಿಡಬೇಕು ಅನ್ನಿಸ್ತು.

ಇವ್ರು ನಡುಗೋ ಕೈಯಿಂದನ ನನ್ನ ಸೆರಗು ಸರಿಸಿದ್ರು. ಎರಡು ಸಲ ತಪ್ಪಿತು, ಮೂರನೇದಕ್ಕ ಮುಂಗೈ ಸಿಕ್ತು.

"ನಂದಂತೂ ಹೋತ್ರಿ ಡಾಕ್ಟರ," ಅಂದ್ರು. "ಇಕೀದು ನೋಡ್ರಿ ಮೊದ್ಲ."

ನನ್ನ ಕೈ ಮೇಜಿನ ಮ್ಯಾಲಿಟ್ಟು ಇವ್ರು ಬಿಟ್ರು. ಬಿಟ್ಟ ಮ್ಯಾಲೂ ನನ್ನ ಹೆಬ್ಬೆರಳಿನ ನಡುಕ ನಿಲ್ಲಲಿಲ್ಲ.