ಆರನೇ ನಂಬರಿನ ಕೋಲು

ಜಮಖಂಡಿ ಸಂಸ್ಥಾನ ಮುಂಬಯಿ ರಾಜ್ಯದೊಳಗೆ ಕೂಡಿದ ಮೇಲೆ ಗುಡ್ಡದ ಮಗ್ಗುಲಿನ ಗಾಲ್ಫ್ ಬಯಲಿಗೆ ದಿಕ್ಕು ಅಂತ ಉಳಿದವರು ಇಬ್ಬರೇ. ಒಬ್ಬರು ಅರಮನೆಯ ಆಟದ ಸಾಮಾನು ನೋಡಿಕೊಳ್ಳುತ್ತಿದ್ದ ಕೃಷ್ಣಾಜಿರಾಯರು. ಇನ್ನೊಬ್ಬ ಅಲ್ಲಿ ಕುರಿ ಮೇಯಿಸುವ ರೇವಪ್ಪ. ರಾಯರು ದಿನಾ ಸಂಜೆ ಒಂದೇ ಒಂದು ಕೋಲು ಹಿಡಿದು ಚೆಂಡು ಹೊಡೆಯುತ್ತಿದ್ದರು, ರೇವಪ್ಪ ಅದನ್ನೇ ನೋಡುತ್ತ ನಿಲ್ಲುತ್ತಿದ್ದ. ಹೆಂಡತಿ ತಂಗೆವ್ವನ ಮುಂದೆ ಕೂಡ ಅವನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಂತವನಲ್ಲ.

ಆ ಕೋಲಿನ ಕಥೆ ಊರಿಗೆಲ್ಲ ಗೊತ್ತು. ಸಂಸ್ಥಾನ ಹೋದಾಗ ಅರಮನೆಯವರು ನೆನಪಿಗೆ ಒಂದೊಂದು ಕೋಲು ತಗೊಳ್ಳಿ ಅಂದರೆ, ಉಳಿದವರೆಲ್ಲ ಥಳಥಳ ಹೊಳೆಯುವ ಕಟ್ಟಿಗೆ ತಲೆಯ ಉದ್ದ ಕೋಲುಗಳಿಗೆ ಮುಗಿಬಿದ್ದರು. ರಾಯರು ಕಬ್ಬಿಣ ತಲೆಯ ಕೋಲುಗಳನ್ನು ನೆಲಕ್ಕೆ ಊರಿ, ತಲೆ ಸಪಾಟಾಗಿ ಕೂಡುತ್ತದೋ ಇಲ್ಲವೋ ನೋಡಿ, ಮಣಿಕಟ್ಟಿನಲ್ಲಿ ತೂಗಿ, ಕಡೆಗೆ ನಡುವಿನದೊಂದನ್ನು ಎತ್ತಿಕೊಂಡರು. ಆರನೇ ನಂಬರಿನದು. ಊರು ನಕ್ಕಿತು.

"ನಗಲಿ ಬಿಡು" ಅಂದಿದ್ದರು ರಾಯರು ರೇವಪ್ಪನ ಮುಂದೆ. "ಉದ್ದಂದು ಓಡ್ತದ, ನಿಲ್ಲಂಗಿಲ್ಲ. ಗಿಡ್ಡಂದು ಏರ್ತದ, ಗಾಳಿ ತಿಂದುಬಿಡ್ತದ. ಇದಕ್ಕ ಏರೂದೂ ಗೊತ್ತು, ಓಡೂದೂ ಗೊತ್ತು."

ರೇವಪ್ಪನಿಗೆ ಈ ಮಾತು ಸಟ್ಟನೆ ತಿಳಿಯಿತು. ಹಿಂಡಿನ ಮುಂದೆ ಬಿಡುವ ಟಗರನ್ನು ಅವನೂ ಹೀಗೆಯೇ ಆರಿಸುತ್ತಿದ್ದ.

ಈಗ ಊರಿನ ಆಡಳಿತಕ್ಕೆ ಪುಣೆಯಿಂದ ಹೊಸ ಸಾಹೇಬರು ಬಂದಿದ್ದರು, ಆಟದ ಹುಚ್ಚಿನವರು. ಬಯಲು ನೋಡಿ ಹಿಗ್ಗಿದರು, ಕುರಿ ನೋಡಿ ಮುಖ ಸಿಂಡರಿಸಿದರು. ಸುತ್ತ ತಂತಿಬೇಲಿ ಹಾಕಿಸುತ್ತೇನೆ ಅಂದರು. ಆ ಬಯಲು ಬಿಟ್ಟರೆ ಸುತ್ತಮುತ್ತೆಲ್ಲ ಪೈರು. ಕುರಿ ಬಾಯಿ ಹಾಕಿದರೆ ಜಗಳ. ಬೇಲಿ ಬಂದರೆ ರೇವಪ್ಪನಿಗೆ ಹಿಂಡು ಮಾರುವುದೊಂದೇ ದಾರಿ.

ರಾಯರು ಸುಮ್ಮನಿರಲಿಲ್ಲ. ಈ ಹುಲ್ಲು ಹೀಗಿರುವುದೇ ಕುರಿಗಳಿಂದ ಎಂದು ವಾದಿಸಿದರು. ಸಾಹೇಬರು ನಕ್ಕು ಪಂಥಕ್ಕೆ ಕರೆದರು: ತಗ್ಗಿನ ಆಚೆ ಬಾವುಟ ನೆಟ್ಟ ಕುಳಿಗೆ ಒಬ್ಬೊಬ್ಬರದು ಒಂದೊಂದು ಹೊಡೆತ. ರಾಯರ ಚೆಂಡು ಹತ್ತಿರ ನಿಂತರೆ ಕುರಿ ಇರಲಿ, ಇಲ್ಲದಿದ್ದರೆ ಬೇಲಿ.

ಪಂಥದ ದಿನ ಸಾಹೇಬರು ಚೀಲದ ತುಂಬ ಕೋಲು ತಂದಿದ್ದರು. ಹಿಡಿದು, ಬಿಟ್ಟು, ಕಡೆಗೊಂದು ಆರಿಸಿ ಹೊಡೆದರು. ಸುಳ್ಳು ಹೇಳಬಾರದು, ಛಲೋ ಹೊಡೆತವೇ. ಚೆಂಡು ತಗ್ಗು ದಾಟಿ ಬಾವುಟದ ಆಚೆ ಏರಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಮೂರು ಮಾರು ದೂರ ನಿಂತಿತು.

ರಾಯರು ನಾಲ್ಕು ಎಳೆ ಹುಲ್ಲು ಕಿತ್ತು ಗಾಳಿಗೆ ತೂರಿದರು. ಚೆಂಡನ್ನು ಎರಡೂ ಪಾದಗಳ ನಡುವೆ ಇಟ್ಟುಕೊಂಡರು. ಅವಸರವಿಲ್ಲದೆ ಕೋಲು ಎತ್ತಿ ಇಳಿಸಿದರು. ಚೆಂಡು ನೇರ ಬಾವುಟಕ್ಕೇ ಹೋಗಿ ಅದರ ಮುಂದಿನ ದಿಬ್ಬದ ಮರೆಗೆ ಬಿತ್ತು. ಎಂಥ ಕೈ! ರೇವಪ್ಪನ ಎದೆ ಉಬ್ಬಿತು.

ಎಲ್ಲರೂ ತಗ್ಗು ಇಳಿದು ಹತ್ತಿ ಹೋದರು. ಮುಂದೆ ಓಡಿದ ರೇವಪ್ಪ ತಟ್ಟನೆ ನಿಂತುಬಿಟ್ಟ. ಕುಳಿಯಿಂದ ಒಂದು ಮಾರಿನಲ್ಲಿ ಅವನದೇ ಕರಿ ಕಂಬಳಿ ಹಾಸಿತ್ತು. ಅದರ ಮೇಲೆ, ಭಂಡಾರದ ಅರಿಷಿಣದ ನಡುವೆ, ರಾಯರ ಚೆಂಡು ಕೂತಿತ್ತು.

ಸಾಹೇಬರ ಮುಖ ಕೆಂಪಾಯಿತು. ಕಂಬಳಿಗೆ ಬೆರಳು ತೋರಿಸಿ, ಓಡುವ ಚೆಂಡು ಹಿಡಿಯಲಿಕ್ಕೆ ಹಾಸಿದಿರೇನು ಅಂದರು.

"ಇಲ್ರೀ ಸಾಹೇಬರ!" ರೇವಪ್ಪನಿಗೆ ಅಳುವೇ ಬಂತು. "ರಾಯರನ್ನ ಗೆಲ್ಲಸಪಾ ಅಂತ ನಮ್ಮ ದೇವರು ಬೀರಪ್ಪಗ ನಸುಕಿನ್ಯಾಗ ಕಂಬಳಿ ಗದ್ದಿಗಿ ಹಾಕೀನ್ರಿ. ಚಂಡು ಇಲ್ಲೇ ಬೀಳತೈತಿ ಅಂತ ನನಗೇನ್ ಗೊತ್ತ್ರಿ?"

ಭಕ್ತಿ ಮಾಡಲು ಹೋಗಿ ರಾಯರಿಗೆ ಮೋಸಗಾರರೆಂಬ ಹೆಸರು ತಂದೆನಲ್ಲ ಎಂದು ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗದ್ದಿಗೆ ಹಾಕಿದ ಮೇಲೆ ಪೂಜೆ ಮುಗಿಯುವ ತನಕ ಕಂಬಳಿ ಎತ್ತುವಂತಿಲ್ಲ. ಅವನ ಮನೆತನದಲ್ಲಿ ಯಾರೂ ಎತ್ತಿದವರಲ್ಲ. ಆದರೂ ಕಣ್ಣು ಮುಚ್ಚಿ ಬಗ್ಗಿ ಕಂಬಳಿಗೆ ಕೈ ಚಾಚಿದ.

ರಾಯರ ಕೋಲು ಅವನ ಕೈಗೆ ಅಡ್ಡ ಬಂತು.

"ಕೈ ಹಚ್ಚಬ್ಯಾಡ ರೇವಪ್ಪಾ. ಗದ್ದಿಗಿ ಮ್ಯಾಲ ಬಿದ್ದದ್ದು ದೇವರದು. ಆ ಚಂಡು ನಂದಲ್ಲ." ಸಾಹೇಬರ ಕಡೆ ತಿರುಗಿ ಮರಾಠಿಯಲ್ಲಿ, ಅದನ್ನು ಎಣಿಸಬೇಡಿ, ಇನ್ನೊಂದು ಹೊಡೆಯುತ್ತೇನೆ ಅಂದರು. ಗೆದ್ದ ಪಂಥವನ್ನು ಹೀಗೆ ಸುಮ್ಮನೆ ಬಿಟ್ಟುಕೊಟ್ಟವರನ್ನು ರೇವಪ್ಪ ಕಂಡಿರಲಿಲ್ಲ.

ಇಬ್ಬರೂ ಹೊಡೆದ ಜಾಗಕ್ಕೆ ಮರಳುವಷ್ಟರಲ್ಲಿ ಎದುರುಗಾಳಿ ಎದ್ದಿತ್ತು. ಸಾಹೇಬರೇ ಚೀಲ ಮುಂದೆ ಹಿಡಿದು, ಬೇಕಾದ್ದು ತಗೊಳ್ಳಿ ಅಂದರು. ರಾಯರು ತಲೆ ಅಲ್ಲಾಡಿಸಿ ತಮ್ಮ ಆರನೇ ನಂಬರನ್ನೇ ತುಸು ಕೆಳಗೆ ಹಿಡಿದರು, ಚೆಂಡನ್ನು ಬಲಗಾಲಿನ ಕಡೆ ಸರಿಸಿಕೊಂಡರು. ದಿಬ್ಬದ ಮೇಲೆ ನಿಂತಿದ್ದ ರೇವಪ್ಪನಿಗೆ ಚೆಂಡು ಗಾಳಿಯ ಕೆಳಗೆ ನುಸುಳಿ ಬರುವುದು ಕಂಡಿತು. ಬಾವುಟಕ್ಕೆ ಬಹಳ ಮುಂಚೆಯೇ ಬಿತ್ತು. ಮುಗೀತು ಅಂದುಕೊಂಡ. ಆದರೆ ಚೆಂಡು ನಿಲ್ಲಲಿಲ್ಲ. ಕುರಿ ಮೇಯ್ದ ಗಿಡ್ಡ ಹುಲ್ಲಿನ ಮೇಲೆ ಉರುಳುತ್ತ, ಕಂಬಳಿಯ ಅಂಚು ತಪ್ಪಿಸಿ ಹೋಗಿ, ಕುಳಿಗೆ ಗೇಣು ದೂರದಲ್ಲಿ ನಿಂತಿತು.

ಸಾಹೇಬರು ಬಂದು ನೋಡಿದರು. ಕುಕ್ಕರಗಾಲಲ್ಲಿ ಕೂತು ಹುಲ್ಲಿನ ಮೇಲೆ ಅಂಗೈ ಆಡಿಸಿದರು. ಏನೋ ಕೇಳಿದರು.

"ಇಷ್ಟು ಛಂದ ಯಾರು ಕತ್ತರಿಸ್ಯಾರ ಅಂತ ಕೇಳಾಕತ್ತಾರ" ಅಂದರು ರಾಯರು.

ರೇವಪ್ಪ ಹಿಂಡಿನ ಕಡೆ ಕೈ ಮಾಡಿದ. ಸಾಹೇಬರು ಗಟ್ಟಿಯಾಗಿ ನಕ್ಕು ಟೋಪಿ ತೆಗೆದರು. ಬೇಲಿಯ ಮಾತು ಅಲ್ಲಿಗೇ ಸತ್ತಿತು.

ಪೂಜೆ ಮುಗಿದ ಮೇಲೆ ರೇವಪ್ಪ ಕಂಬಳಿ ಎತ್ತಿದ. ಕಣ್ಣು ತುಂಬಿದ್ದವು.

"ಬೀರಪ್ಪ ನಿಮ್ಮನ್ನ ಎರಡ ಸಲ ಗೆಲ್ಲಿಸ್ಯಾನ್ರಿ ರಾಯರ."

"ಮೊದಲನೇದು ಅವಂದು. ಎರಡನೇದು ನಿನ್ನ ಕುರೀದು."

"ಮತ್ತ ನಿಮ್ದು?"

ರಾಯರು ಭಂಡಾರಕ್ಕೆ ತಲೆ ಬಾಗಿಸಿದರು. ರೇವಪ್ಪ ಅದನ್ನು ಮೊದಲು ಕೋಲಿನ ಕಬ್ಬಿಣಕ್ಕೆ ಹಚ್ಚಿದ, ಆಮೇಲೆ ರಾಯರ ಹಣೆಗೆ.