ವರ್ಲನ್ ಟ್ಯಾಕೆಟ್‌ನ ಕೊನೆಯ ಆಲ್ಬಮ್

ನ್ಯಾಶ್‌ವಿಲ್‌ನ ಗಾಜಿನ ಕಟ್ಟಡದಲ್ಲಿ ವರ್ಲನ್ ಟ್ಯಾಕೆಟ್‌ಗೆ ಕಾಫಿ ಕೊಟ್ಟರು, ಮೊಣಕಾಲು ನೋವು ಹೇಗಿದೆ ಎಂದು ವಿಚಾರಿಸಿದರು, ಆಮೇಲೆ ನಯವಾಗಿ ಕತ್ತು ಕೊಯ್ದರು. ಮೂವತ್ತು ವರ್ಷ ಅವನ ದನಿಯನ್ನು ಮಾರಿ ಉಂಡ ದೊಡ್ಡ ರೆಕಾರ್ಡ್ ಕಂಪನಿ ಅದು. ವರ್ಲನ್‌ನ ಮೊದಲ ಹಾಡು ರೇಡಿಯೋದಲ್ಲಿ ಬಂದಾಗ ಇನ್ನೂ ಹುಟ್ಟಿರದಿದ್ದ ಬ್ರಾಡಿ ಎಂಬ ಅಧಿಕಾರಿ ಎದುರಿಗೆ ಕೂತು, "ನಿಮ್ಮಂಥ ದೊಡ್ಡೋರಿಗೆ ಈಗ ಬೇಕಾಗಿರೋದು ಸ್ವಾತಂತ್ರ್ಯ ಸರ್" ಎಂದ. ಸ್ವಾತಂತ್ರ್ಯ ಎಂದರೆ ಬಾಗಿಲು ಆ ಕಡೆ ಇದೆ ಎಂದು ತಿಳಿಯುವಷ್ಟು ಅನುಭವ ವರ್ಲನ್‌ಗಿತ್ತು. ಹ್ಯಾಟು ಹಾಕಿಕೊಂಡು, ಟ್ರಕ್ಕು ಹತ್ತಿ, ಟೆನೆಸ್ಸಿಯ ಪೂರ್ವದ ಗುಡ್ಡಗಳಲ್ಲಿರುವ ತನ್ನೂರು ಸ್ನೀಡ್ಸ್ ಗ್ಯಾಪ್‌ಗೆ ಬಂದುಬಿಟ್ಟ.

ಹೆಂಡತಿ ಒಲೀಟಾ ಸುದ್ದಿ ಕೇಳಿ ಅಳಲಿಲ್ಲ. ಬೀನ್ಸ್ ಮುರಿಯುತ್ತಿದ್ದವಳು ಮುರಿಯುತ್ತಲೇ ಇದ್ದಳು.

"ಒಳ್ಳೇದೇ ಆಯ್ತು ಬಿಡು. ಇಷ್ಟು ವರ್ಷ ಅವರು ಬರೆಸಿದ್ದನ್ನ ಹಾಡ್ದೆ. ಇನ್ಮೇಲಾದ್ರೂ ನಿನ್ನದನ್ನ ಹಾಡು."

ಅದೇ ಅವನಿಗೂ ಬೇಕಾಗಿದ್ದದ್ದು. ಲೋಕಕ್ಕೆ ಗೊತ್ತಿದ್ದ ವರ್ಲನ್ ಟ್ಯಾಕೆಟ್ ಬಿಯರು, ಟ್ರಕ್ಕು ಮತ್ತು ಬಿಗಿ ಜೀನ್ಸ್ ಹಾಕಿದ ಹುಡುಗಿಯರ ಬಗ್ಗೆ ಹಾಡಿದವನು. ಆ ಹಾಡುಗಳನ್ನೆಲ್ಲ ಬೇರೆಯವರು ಬರೆದಿದ್ದರು. ಬಿಯರು ಅವನಿಗೆ ಸೇರುತ್ತಲೂ ಇರಲಿಲ್ಲ, ಕುಡಿದರೆ ಎದೆ ಉರಿ. ತಾನೇ ಕಟ್ಟಿದ ಹಾಡುಗಳು ಎಷ್ಟೋ ವರ್ಷದಿಂದ ತಲೆಯಲ್ಲಿ ಕೊಳೆಯುತ್ತಿದ್ದವು. ಅವು ಒಳ್ಳೆಯ ಹಾಡುಗಳೋ ಕಸವೋ ಎಂಬುದನ್ನು ಸಾಯುವ ಮೊದಲು ಒಂದು ಸಲ, ಯಾರಾದರೂ ಮುಖ ನೋಡಿ ಹೇಳಬೇಕು. ಹಣ, ಹೆಸರು ಎಲ್ಲ ಹಾಳಾಗಿ ಹೋಗಲಿ, ಆ ಒಂದು ಮಾತು ಸಾಕಾಗಿತ್ತು ಅವನಿಗೆ.

ಆದರೆ ಆ ಬುಧವಾರ ಒಲೀಟಾ ಚರ್ಚಿಗೆ ಹೋಗಿ ಒಂದು ಕೆಲಸ ಮಾಡಿದಳು.

ಬುಧವಾರದ ಪ್ರಾರ್ಥನೆಯಲ್ಲಿ ಒಬ್ಬೊಬ್ಬರಾಗಿ ಎದ್ದು ಯಾರಿಗೋಸ್ಕರ ಪ್ರಾರ್ಥಿಸಬೇಕೆಂದು ಹೇಳುತ್ತಾರೆ. ಒಬ್ಬರ ಅಳಿಯನಿಗೆ ಹರ್ನಿಯಾ, ಇನ್ನೊಬ್ಬರ ಹಸು ಗಬ್ಬ ನಿಲ್ಲುತ್ತಿಲ್ಲ. ಬಾಯಿಬಿಟ್ಟು ಹೇಳಲಾಗದ ಕಷ್ಟವಿದ್ದವರು ಸುಮ್ಮನೆ ಕೈಯೆತ್ತಿ "ಹೇಳದ ಕೋರಿಕೆ" ಎಂದರೆ ಮುಗಿಯಿತು. ಯಾರೂ ಏನೆಂದು ಕೇಳುವಂತಿಲ್ಲ. ಕೇಳುವಂತಿಲ್ಲವಾದ್ದರಿಂದ ಎಲ್ಲರೂ ಊಹಿಸುತ್ತಾರೆ, ಊಹಿಸುವಾಗ ಯಾರೂ ನೆಗಡಿಯನ್ನು ಊಹಿಸುವುದಿಲ್ಲ. ಗಂಡನನ್ನು ಕಂಪನಿ ಓಡಿಸಿತೆಂದು ಎಲ್ಲರ ಮುಂದೆ ಹೇಳಲು ಒಲೀಟಾಳಿಗೆ ನಾಚಿಕೆ. ಕೈಯೆತ್ತಿದಳು. "ವರ್ಲನ್ ವಿಷಯ. ಹೇಳದ ಕೋರಿಕೆ" ಎಂದಳು, ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು ಕೂತಳು. ಪ್ರಾರ್ಥನೆ ಮುಗಿದು ಕಾರುಗಳು ಹೊರಡುವ ಮೊದಲೇ ವರ್ಲನ್‌ಗೆ ಕ್ಯಾನ್ಸರ್ ಆಗಿತ್ತು. ಯಾವ ಭಾಗದಲ್ಲಿ ಎಂಬ ಬಗ್ಗೆ ಮಾತ್ರ ಸ್ವಲ್ಪ ಭಿನ್ನಾಭಿಪ್ರಾಯವಿತ್ತು.

ಇದೊಂದೂ ವರ್ಲನ್‌ಗೆ ಗೊತ್ತಿಲ್ಲ. ಮರುದಿನದಿಂದ ಮನೆಗೆ ಊಟ ಬರತೊಡಗಿತು. ಕೆನೆ ಹಾಕಿ ಬೇಯಿಸಿದ ಕೋಳಿ-ಅನ್ನ, ಬಾಳೆಹಣ್ಣಿನ ಪುಡಿಂಗ್, ಅಗಲವಾದ ಗಾಜಿನ ಪಾತ್ರೆಗಳಲ್ಲಿ ಆಲೂಗಡ್ಡೆ. ವಾಪಸು ಬರಲೆಂದು ಪ್ರತಿ ಪಾತ್ರೆಯ ತಳಕ್ಕೂ ಟೇಪಿನಲ್ಲಿ ಮನೆಯವರ ಹೆಸರು. ಕೆಲಸ ಹೋದವನಿಗೆ ಇಷ್ಟು ಕನಿಕರ ತೋರಿಸುವ ಊರು ಇನ್ನೆಲ್ಲಿದೆ ಎಂದು ವರ್ಲನ್‌ನ ಎದೆ ತುಂಬಿ ಬಂತು. ತಿನ್ನಲು ಮಾತ್ರ ಆಗಲಿಲ್ಲ. ಅದೇ ವಾರ ಹಲ್ಲಿನ ಡಾಕ್ಟರು ಇದ್ದಬದ್ದ ಹಲ್ಲನ್ನೆಲ್ಲ ಕಿತ್ತು ಹೊಸ ಸೆಟ್ ಹಾಕಿದ್ದ. ಬರೀ ಸೂಪು ಕುಡಿದು ಕುಡಿದು ಅವನ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಊರಿನವರು ಅದನ್ನೂ ನೋಡಿದರು.

ಆಲ್ಬಮ್ ಮಾಡಿದ್ದು ಮನೆಯ ಹಿಂದಿನ ಹೊಗೆಸೊಪ್ಪಿನ ಕೊಟ್ಟಿಗೆಯಲ್ಲಿ. ಗೋಡೆಗೆ ಹಳೆಯ ಹಾಸಿಗೆಗಳನ್ನು ಒರಗಿಸಿದರು. ಸ್ಟೀಲ್ ಗಿಟಾರಿಗೆ ಹೋಬರ್ಟ್ ಸಿಸ್ಕ್ ಬಂದ. ಹೋಬರ್ಟ್ ಮೊದಲಿನಿಂದಲೂ ಇವನ ಜೊತೆ ನುಡಿಸಿದವನು, ಅಷ್ಟು ವರ್ಷದಲ್ಲಿ ಒಂದೇ ಒಂದು ಸಲವೂ "ಚೆನ್ನಾಗಿದೆ" ಎಂದವನಲ್ಲ. ವರ್ಲನ್‌ಗೆ ದೊಡ್ಡ ಪ್ರಶಸ್ತಿ ಬಂದ ದಿನ "ಎರಡನೇ ಚರಣದಲ್ಲಿ ಶ್ರುತಿ ಇಳೀತು" ಎಂದು ಹೇಳಿ ಹೋದವನು.

ಮೊದಲನೆಯ ಹಾಡು ಮುಗಿಯಿತು. ಹೋಬರ್ಟ್ ಗಿಟಾರಿನ ಮೇಲೆ ಬಗ್ಗಿಕೊಂಡೇ, "ಚೆನ್ನಾಗಿದೆ" ಎಂದ.

ವರ್ಲನ್‌ಗೆ ಕೂತಿದ್ದ ಸ್ಟೂಲು ಜಾರಿದಂತಾಯಿತು. "ಏನಂದೆ?"

"ಚೆನ್ನಾಗಿದೆ ಅಂದೆ ಕಣೋ. ನಿಂಗೆ ಸುಸ್ತಾಗಿದ್ರೆ ಸ್ವಲ್ಪ ಮಲಕ್ಕೋ."

ಎರಡನೆಯದೂ ಚೆನ್ನಾಗಿತ್ತು. ಮುದಿ ಹೇಸರಗತ್ತೆಯನ್ನು ಗುಂಡಿಟ್ಟು ಮಲಗಿಸುವ ನಾಲ್ಕನೆಯ ಹಾಡಂತೂ ಬಹಳ ಚೆನ್ನಾಗಿತ್ತು, ಹೋಬರ್ಟ್ ಹೊರಗೆ ಹೋಗಿ ಮೂಗು ಸೀಟಿ ಬಂದ. ವರ್ಲನ್‌ನ ಕಾಲು ನೆಲಕ್ಕೆ ತಾಗಲಿಲ್ಲ. ಹೋಬರ್ಟನ ಬಾಯಲ್ಲಿ ಈ ಮಾತು ಬಂತೆಂದರೆ ತನ್ನ ಜನ್ಮ ಸಾರ್ಥಕ ಎಂದುಕೊಂಡ. ಅಂಥ ಸುಖ ಅವನಿಗೆ ತುಂಬಿದ ಕ್ರೀಡಾಂಗಣಗಳಲ್ಲೂ ಸಿಕ್ಕಿರಲಿಲ್ಲ.

ಆಲ್ಬಮ್ ಹೊರಗೆ ಬಂದದ್ದೇ ತಡ, ಬೆಂಕಿ ಹೊತ್ತಿಕೊಂಡ ಹಾಗೆ ಹಬ್ಬಿತು. ದನದ ಮೇವಿನ ಅಂಗಡಿಯಲ್ಲಿ ಇಟ್ಟಿದ್ದ ಪ್ರತಿಗಳು ಮುಗಿದವು. ಪಕ್ಕದ ಊರಿನ ರೇಡಿಯೋದವನು ಅಳುತ್ತಲೇ ಹಾಡು ಹಾಕಿದ. ಪತ್ರಿಕೆಯವರು "ಮುಪ್ಪಿನ ಅಂಚಿನಿಂದ ಬಂದ ದನಿ", "ಪದ ಪದಕ್ಕೂ ತಡವರಿಸುವ ಉಸಿರಿನಲ್ಲಿ ಏನೋ ವಿದಾಯ" ಎಂದು ಬರೆದರು. ತಡವರಿಕೆ ಹೊಸ ಹಲ್ಲಿನ ಸೆಟ್ಟಿನದು. ಮೂರನೆಯ ಹಾಡಿನ ನಡುವೆ ಬರುವ, ಎಲ್ಲರೂ ಬಿಕ್ಕಿದ ಆ ಕೆಮ್ಮು ವಸಂತದ ಪರಾಗದ್ದು. ವರ್ಲನ್ ವಿಮರ್ಶೆ ಓದಿ, "ಹೀಗೂ ಇದೆಯಾ ನನ್ನ ಹಾಡಲ್ಲಿ" ಎಂದು ಬೆರಗಾದ. ಹೊಗಳಿಕೆ ಬಂದಾಗ ಕಾರಣ ಕೇಳುವ ಕಲಾವಿದ ಎಲ್ಲಿದ್ದಾನೆ ಹೇಳಿ.

ಒಂದು ಮಧ್ಯಾಹ್ನ ಬ್ರಾಡಿ ತಾನೇ ಹುಡುಕಿಕೊಂಡು ಬಂದ. ಕೈಯಲ್ಲಿ ಹಣ್ಣಿನ ಬುಟ್ಟಿ, ಮುಖದಲ್ಲಿ ಶವಪೆಟ್ಟಿಗೆಯ ಮುಂದೆ ನಿಂತವನ ಗಾಂಭೀರ್ಯ. ಕಂಪನಿ ಈ ಆಲ್ಬಮ್ಮನ್ನು ದೇಶಕ್ಕೆಲ್ಲ ಹಂಚಲು ಸಿದ್ಧವಿದೆ ಎಂದ. ವರ್ಲನ್ ಅಡುಗೆಮನೆಯ ಮೇಜಿನ ಮುಂದೆ ಕಾಲು ಚಾಚಿ ಕೂತ. ಈ ಗಳಿಗೆಗಾಗಿ ಅವನು ಕನ್ನಡಿಯ ಮುಂದೆ ಮಾತು ಕಲಿತಿದ್ದ.

ಬ್ರಾಡಿ ದನಿ ತಗ್ಗಿಸಿದ. "ತಪ್ಪು ತಿಳೀಬೇಡಿ ಸರ್. ಡಾಕ್ಟರು ಎಷ್ಟು ಸಮಯ ಅಂದಿದಾರೆ?"

"ಇನ್ನೆರಡು ವಾರ ಅಂದ್ರು" ಎಂದು ವರ್ಲನ್ ಹೊಸ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿದ. "ಅಲ್ಲೀತನಕ ಜೋಳದ ತೆನೆ ಒಂದು ಕಚ್ಚಬಾರದಂತೆ."

"ಎರಡು ವಾರಾನಾ" ಎಂದು ಬ್ರಾಡಿ ಕಣ್ಣು ಮುಚ್ಚಿಕೊಂಡ. "ಹಾಗಾದ್ರೆ ಬೇಗ ಸಹಿ ಆಗ್ಬೇಕು. ಈ ರೋಗದಲ್ಲಿ ಇಷ್ಟು ಧೈರ್ಯವಾಗಿ..."

"ಯಾವ ರೋಗದಲ್ಲಿ?"

ಸಿಂಕಿನ ಹತ್ತಿರ ಪಾತ್ರೆಯೊಂದು ಠಣ್ಣೆಂದು ಬಿತ್ತು. ವರ್ಲನ್ ತಿರುಗಿ ನೋಡಿದ. ಒಲೀಟಾಳ ಮುಖ ಸುಣ್ಣದಂತೆ ಬಿಳಿಚಿತ್ತು. ಬಾಯಿಬಿಟ್ಟು ಎಲ್ಲ ಹೇಳಿದಳು. ಬುಧವಾರದ್ದು, ಕೈಯೆತ್ತಿದ್ದು, ಆಮೇಲೆ ಊರಿನವರು ಏನೆಂದುಕೊಂಡರೆಂದು ಗೊತ್ತಾದರೂ ಬಾಯಿ ಬರದೆ ಸುಮ್ಮನಿದ್ದದ್ದು. "ನಿನ್ ಮುಖದಲ್ಲಿ ಆ ನಗು ನೋಡಿ ಎಷ್ಟು ವರ್ಷ ಆಗಿತ್ತು ವರ್ಲನ್. ಹೆಂಗ್ ಹೇಳ್ಲಿ?"

ಬ್ರಾಡಿಯ ಮುಖ ಇಂಗು ತಿಂದ ಮಂಗನಂತಾಯಿತು. ಗಾಯಕ ಆರೋಗ್ಯವಾಗಿದ್ದಾನೆಂಬ ಸುದ್ದಿಯನ್ನು ಕಂಪನಿಯ ಹಿರಿಯರ ಜೊತೆ ಚರ್ಚಿಸಿ ತಿಳಿಸುವುದಾಗಿ ಹೇಳಿ ಎದ್ದ. ಒಂದೇ ಕಂಪನಿಯಿಂದ ಎರಡು ಸಲ ಹೊರಬೀಳುವ ಗೌರವ ಎಲ್ಲರಿಗೂ ಸಿಗುವುದಿಲ್ಲ. ಹಣ್ಣಿನ ಬುಟ್ಟಿಯನ್ನು ಮಾತ್ರ ಬಿಟ್ಟು ಹೋದ.

ವರ್ಲನ್‌ಗೆ ಕಂಪನಿ ಹೋದದ್ದಕ್ಕೆ ಏನೂ ಅನಿಸಲಿಲ್ಲ. ಹೋಬರ್ಟನ ಆ "ಚೆನ್ನಾಗಿದೆ" ನೆನಪಾಯಿತು. ಅದು ಹಾಡಿಗೆ ಹೇಳಿದ ಮಾತಲ್ಲ, ಪುಡಿಂಗ್ ತಂದುಕೊಟ್ಟಂತೆ ಕೊಟ್ಟ ಮಾತು. ಹೆಂಡತಿಯನ್ನು ಬೈಯಲು ಬಾಯಿ ತೆರೆದ, ಅವಳು ಒದ್ದೆ ಕೈಯಲ್ಲಿ ನಿಂತಿದ್ದನ್ನು ಕಂಡು ಮುಚ್ಚಿದ.

ಬುಧವಾರ ತಾನೇ ಚರ್ಚಿಗೆ ಹೋದ. ಎದ್ದು ನಿಂತು, "ನೋಡಿ, ನಂಗೆ ಯಾವ ಕಾಯಿಲೆನೂ ಇಲ್ಲ. ಗಟ್ಟಿಮುಟ್ಟಾಗಿದೀನಿ. ಕೆಲಸ ಹೋಗಿತ್ತು, ಅಷ್ಟೆ" ಎಂದ.

ಪಾದ್ರಿ ಬ್ರದರ್ ಡೆಲ್ಮಸ್ ಎರಡೂ ಕೈ ಮೇಲೆತ್ತಿದರು. "ಕೇಳಿದ್ರಾ? ಕಾಯಿಲೆ ಇಲ್ವಂತೆ. ನಾವು ಕೇಳಿದ್ವಿ, ದೇವರು ಕೊಟ್ಟ."

"ಬ್ರದರ್, ಮೊದಲಿಂದಲೂ ಇರಲಿಲ್ಲ ಅಂತ ಹೇಳ್ತಿರೋದು ನಾನು."

"ಬೇರನ್ನೇ ಕಿತ್ತು ಹಾಕಿದಾನೆ ನೋಡಿ, ಗುರುತೂ ಉಳಿಸಿಲ್ಲ" ಎಂದರು ಡೆಲ್ಮಸ್. ಹೆಂಗಸರು ಅತ್ತರು, ಅಪ್ಪಿಕೊಂಡರು, ನಡುವೆ ಒಬ್ಬಾಕೆ ತನ್ನ ಗಾಜಿನ ಪಾತ್ರೆ ಇನ್ನೂ ಬಂದಿಲ್ಲವೆಂದು ಒಲೀಟಾಳಿಗೆ ನೆನಪಿಸಿದಳು.

ಹೋಬರ್ಟ್ ಅಪ್ಪಿಕೊಳ್ಳಲಿಲ್ಲ. ಹೊರಗೆ ಕಾರುಗಳ ನಡುವೆ, ಇನ್ನೂ ಇಳಿಯದ ಬೇಸಿಗೆಯ ಬಿಸಿಲಲ್ಲಿ, ಕೆಂಡವಾಗಿ ನಿಂತಿದ್ದ.

"ನಿಜ ಹೇಳೋ. ನೀನು ಸಾಯ್ತಿಲ್ವಾ?"

"ಇಲ್ಲ."

"ನೀನು ಸಾಯ್ತಿದೀಯ ಅಂದ್ಕೊಂಡು ನಾನು ಎಷ್ಟು ಸುಳ್ಳು ಹೇಳ್ದೆ ಗೊತ್ತಾ? ನನ್ನ ಬಾಯೇ ಹೊಲಸಾಗಿತ್ತಲ್ಲೋ."

"ಈಗ ಹೇಳು ಹಾಗಾದ್ರೆ." ವರ್ಲನ್ ಅವನ ತೋಳು ಹಿಡಿದ. "ನಿಜ ಹೇಳು."

ಹೋಬರ್ಟ್ ಬೆರಳು ಮಡಿಚತೊಡಗಿದ. "ಮೊದಲನೇದು ಹಳೇ ಧಾಟಿ, ನಿಂಗೂ ಗೊತ್ತು. ಎರಡನೇದ್ರಲ್ಲಿ ಮಾತು ಜಾಸ್ತಿ, ಹಾಡು ಕಮ್ಮಿ. ಮೂರನೇದ್ರಲ್ಲಿ ಕೆಮ್ಮೇ ವಾಸಿ. ಆ ಹೇಸರಗತ್ತೆ ಹಾಡಿದೆಯಲ್ಲ, ಅದನ್ನ ಮೊದಲನೇ ಚರಣದಲ್ಲೇ ಕೊಂದಿದ್ರೆ ಎಲ್ಲರಿಗೂ ಒಳ್ಳೇದಾಗ್ತಿತ್ತು."

ವರ್ಲನ್ ತಲೆ ತಗ್ಗಿಸಿ ಕೇಳುತ್ತ ನಿಂತ. ಒಂದೊಂದು ಮಾತೂ ಚುಚ್ಚುತ್ತಿತ್ತು, ಒಂದೊಂದಕ್ಕೂ ಎದೆಯ ಭಾರ ಇಳಿಯುತ್ತಿತ್ತು. ಐದು, ಆರು ಮಣ್ಣುಪಾಲಾದವು. ಏಳನೆಯದಕ್ಕೆ ಹೋಬರ್ಟನ ಬೆರಳು ನಿಂತಿತು. ಅದು ಒಲೀಟಾಳ ಮೇಲೆ ಕಟ್ಟಿದ ಹಾಡು. ಊರೂರು ತಿರುಗುವ ಗಂಡನ ಅಂಗಿಗಳನ್ನು ಒಗೆದು ತಂತಿಗೆ ಹಾಕುವ ಹೆಂಗಸು, ಗಾಳಿಗೆ ಆ ತೋಳುಗಳು ಆಡಿದಾಗ ತಾನೂ ಕೈಬೀಸುವ ಹಾಡು.

"ಏಳನೇದು?" ಎಂದ ವರ್ಲನ್.

ಹೋಬರ್ಟ್ ಹ್ಯಾಟು ತೆಗೆದು ಅದರ ಒಳಗಡೆ ನೋಡಿದ. ಅವನ ಹೆಂಡತಿ ಜ್ಯೂವೆಲ್ ಅವನು ಪ್ರವಾಸದಲ್ಲಿದ್ದಾಗಲೇ ಮನೆ ಬಿಟ್ಟು ಹೋಗಿದ್ದಳು. ಅದಕ್ಕೆ ಬಹಳ ವರ್ಷವಾಗಿತ್ತು.

"ಅದು ರೇಡಿಯೋದಲ್ಲಿ ಬಂದಾಗ ಗಾಡಿ ಪಕ್ಕಕ್ಕೆ ಹಾಕ್ದೆ. ನಂಗೂ ಅಂಗಿ ಒಗೆಯೋಳು ಒಬ್ಬಳಿದ್ಲು ಕಣೋ." ಹ್ಯಾಟಿನ ಅಂಚು ತಿರುಗಿಸಿದ. "ಅದು ಮಾತ್ರ ನೀನು ಸತ್ರೂ ಚೆನ್ನಾಗಿದೆ, ಬದುಕಿದ್ರೂ ಚೆನ್ನಾಗಿದೆ."

ಚರ್ಚಿನ ಬಾಗಿಲಲ್ಲಿ ಒಲೀಟಾ ಬೇರೆಯವರ ಪಾತ್ರೆಗಳ ಲೆಕ್ಕ ಒಪ್ಪಿಸುತ್ತಿದ್ದಳು. ವರ್ಲನ್ ಅವಳ ಕಡೆ ನೋಡಿದ, ಹೊಸ ಹಲ್ಲು ಅಲುಗಾಡುವಷ್ಟು ಗದ್ದ ನಡುಗುತ್ತಿತ್ತು.

"ಇನ್ನೊಂದ್ಸಲ ಹೇಳೋ" ಎಂದ.

"ಹೇಳಲ್ಲ" ಎಂದ ಹೋಬರ್ಟ್, ಹ್ಯಾಟು ಹಾಕಿಕೊಂಡು ಕಾರಿನ ಬಾಗಿಲು ತೆಗೆದ. "ಇನ್ನು ಎಂಟನೇದು. ಅದನ್ನಂತೂ ನೆನೆಸಿಕೊಂಡ್ರೆ ಮೈ ಉರಿಯುತ್ತೆ. ಕಾರು ಹತ್ತು, ದಾರೀಲಿ ಹೇಳ್ತೀನಿ."