ಮೂರು ಮೊಳ ನೇಯುವ ತನಕ

ಬೆಳಗಾಗುತ್ತಲೇ ಅಯ್ಯೂಬನ ಅಂಗಡಿಯಲ್ಲಿ ಕೊಯ್ಸಿ, ಪುಕ್ಕ ತೆಗೆಸಿ ತಂದ ಜವಾರಿ ಕೋಳಿ ಇನ್ನೂ ಬೆಚ್ಚಗಿತ್ತು. ಕಲ್ಪನಾ ಒಲೆ ಹಚ್ಚಲು ಕಡ್ಡಿಪೆಟ್ಟಿಗೆ ಹುಡುಕಿದಳು. ಅತ್ತೆ ಬನಶಂಕರೆವ್ವ ತೀರಿ ಇಂದಿಗೆ ಎರಡು ವರ್ಷ. ಅವರಿಗೆ ಎಡೆ ಇಡಬೇಕು. ಹೋದ ವರ್ಷ ಮಾವ ವೆಂಕಪ್ಪ ಎಡೆಯ ಒಂದು ತುಂಡು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ಕಡೆಗೆ ತಾಟಿನ ಅಂಚಿಗೆ ತೆಗೆದಿಟ್ಟಿದ್ದರು. ಸಾರಿನಲ್ಲಿ ರೊಟ್ಟಿ ಅದ್ದಿ ಉಂಡು ಎದ್ದಿದ್ದರು. ಆ ತುಂಡು ಕಲ್ಪನಾಳ ಕಣ್ಣಿಂದ ಇನ್ನೂ ಹೋಗಿರಲಿಲ್ಲ. ಈ ಸಲವಾದರೂ ಅವರು ಉಣ್ಣಬೇಕು.

ಪಶುವೈದ್ಯಕೀಯ ಓದುವ ಮಗಳು ಸುಶ್ಮಿತಾ ಬಾಗಿಲಲ್ಲಿ ನಿಂತು ನಕ್ಕಳು. "ಈಗಿಂದೀಗ ಕುದಸ್ತಿಯೇನವಾ? ಅಜ್ಜನ ಉಳದ ನಾಕ ಹಲ್ಲೂ ಕೀಳಬೇಕಂತ ಮಾಡಿಯೇನು?"

"ಬಿಸಿ ಇದ್ದಾಗ ಹಾಕಿದ್ರ ರುಚಿ ಬಿಡು."

"ರುಚಿ ಅಲ್ಲ, ರಬ್ಬರ! ಕೋಳಿ ಸತ್ತರೂ ಮಾಂಸದ ಕೆಲಸ ನಿಂತಿರಂಗಿಲ್ಲ. ಒಳಗಿನ ಸಕ್ಕರಿ ಹುಳಿ ಆಕ್ಕೋತ ಹೋಗತೈತಿ. ಕಸುವು ತೀರಿತು ಅಂದ್ರ ಸೆಟದ ಬಿಡತೈತಿ. ಆಗ ಎಷ್ಟ ಕುದಿಸಿದ್ರೂ ಅಷ್ಟ. ತಣ್ಣಗ ಮೂರ್ನಾಕ ತಾಸು ಬಿಡು, ತಾನ ಸಡಲ ಆಗತೈತಿ. ಬೆದರಿ ಬಡಕೊಂಡ ಕೋಳಿದಂತೂ ಮತ್ತೂ ಕೆಡತೈತಿ."

ಕಲ್ಪನಾಳ ಕೈ ಅಲ್ಲೇ ನಿಂತಿತು.

ಅವಳು ಬೆಟಗೇರಿಯ ಈ ಮನೆಗೆ ಸೊಸೆಯಾಗಿ ಬಂದಾಗ, ಅತ್ತೆ ಹಿಂದಿನ ಸಂಜೆಯೇ ಕೋಳಿಯನ್ನು ಬುಟ್ಟಿಯಡಿ ಮುಚ್ಚಿಡುತ್ತಿದ್ದರು. ಮಕ್ಕಳು ಅಟ್ಟಾಡಿಸಿದರೆ ಬೈಗುಳ. ಕೊಯ್ದ ಮೇಲೆ ಗಡಿಗೆಯಲ್ಲಿಟ್ಟು, ಒದ್ದೆ ಅರಿವೆ ಸುತ್ತಿ, ಮಗ್ಗದ ಕುಣಿಯ ತಂಪಿನಲ್ಲಿ, ಕಾಲುಮಣೆ ತುಳಿಯುತ್ತ ನೇಯುವ ಮಾವನ ಕಾಲ ಪಕ್ಕಕ್ಕೆ ಇಳಿಸುತ್ತಿದ್ದರು. "ಮೂರು ಮೊಳ ನೇಯೂತನಕ ಒಲಿ ಹಚ್ಚಬ್ಯಾಡ," ಅಷ್ಟೇ ಮಾತು. ಮೂರು ಮೊಳಕ್ಕೆ ಮೂರ್ನಾಲ್ಕು ತಾಸು ಹಿಡಿಯುತ್ತಿತ್ತು. ಲಾಳಿ ಆಚೀಚೆ ಓಡುತ್ತಿತ್ತು. ಹಸಿದ ಕಲ್ಪನಾ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು: ತನ್ನನ್ನು ಉಪವಾಸ ಕೆಡವಲೆಂದೇ ಈ ಆಟ. ಕಡೆಗೆ ಮೊದಲ ತುಂಡು ಬೀಳುತ್ತಿದ್ದದ್ದು ಸೊಸೆಯ ತಾಟಿಗೇ. ಸಿಟ್ಟಿನಲ್ಲಿ ಅವಳಿಗದು ಕಂಡಿರಲಿಲ್ಲ.

ಅತ್ತೆ ಹಾಸಿಗೆ ಹಿಡಿದು ಒಲೆ ತನ್ನ ಕೈಗೆ ಬಂದಾಗ, ಮೊದಲು ಬಿಟ್ಟದ್ದೇ ಆ ಕಾಯುವುದನ್ನು. ಗೆದ್ದೆ ಅನ್ನಿಸಿತ್ತು. ಅತ್ತೆ "ಹಲ್ಲು ನೋಯ್ತಾವ ನನಗ" ಎಂದು ತುಂಡುಗಳನ್ನು ಮೊಮ್ಮಗಳ ತಾಟಿಗೆ ಸರಿಸಿ, ಸಾರಷ್ಟೇ ಉಣ್ಣುತ್ತಿದ್ದರು.

"ಅಜ್ಜಿಗೆ ಇದೆಲ್ಲ ಯಾರ ಹೇಳಿದ್ರವಾ?" ಎಂದಳು ಸುಶ್ಮಿತಾ, ಅವ್ವ ಹೇಳಿದ ಈ ಕತೆ ಕೇಳಿ.

"ಯಾರಿಗ್ಗೊತ್ತು. ನಾ ಕೇಳಲೇ ಇಲ್ಲ."

ಕಲ್ಪನಾ ಕೋಳಿಯನ್ನು ಫ್ರಿಜ್ಜಿನಲ್ಲಿಟ್ಟು ಪಡಸಾಲೆಗೆ ಬಂದಳು. ಮಗ್ಗ ಹೋಗಿ ಎಷ್ಟೋ ಕಾಲವಾಗಿತ್ತು. ಕುಣಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಾವನ ಮಂಚ.

"ಒಲಿ ಯಾಕ ಹಚ್ಚಿಲ್ಲವಾ?"

"ಮೂರು ಮೊಳ ಆಗ್ಲಿ ತಡೀರಿ, ಮಾವಾರ."

ವೆಂಕಪ್ಪ ಅವಳ ಮುಖವನ್ನೇ ನೋಡಿದರು. ಸ್ವಲ್ಪ ಹೊತ್ತಿಗೆ, ಮಂಚದಿಂದ ಇಳಿಬಿದ್ದ ಅವರ ಪಾದಗಳು ಒಂದಾದ ಮೇಲೊಂದು ನೆಲ ತುಳಿಯತೊಡಗಿದವು. ಕಲ್ಪನಾ ಅಲ್ಲೇ ಕೂತು ನೋಡಿದಳು.

ಮಧ್ಯಾಹ್ನ ಎಡೆ ಇಟ್ಟಾದ ಮೇಲೆ ಮಾವ ಉಣ್ಣಲು ಕೂತರು. ಈ ಸಲ ತಾಟಿನ ಅಂಚಿಗೆ ಬಂದದ್ದು ಬರೀ ಎಲುಬು.